ಮೂವತ್ತೊಂದು ಸಾವಿರದ ನಾನೂರು

ಸೊಲ್ಲಾಪುರ, ನವೀ ಪೇಟೆ. ಅಂಗಡಿಯ ಗಾಜಿನೊಳಗೆ
ಅದು ಉಸಿರಾಡುತ್ತಿತ್ತು, ನೀಲಿಯಾಗಿ, ಆಮೇಲೆ ಗುಲಾಬಿಯಾಗಿ,
ಮದುವೆ ಮನೆಯ ಸೀರಿಯಲ್ ಸೆಟ್ಟು ನುಂಗಿದ ಹಾಗೆ.
"ಘೇಊನ್ ಟಾಕಾ ತಾಯೀ" ಅಂದ ಹುಡುಗ.
ಅವರ ತಾಯಿ ಅಂದರೆ ಅಕ್ಕ.
ಹೆತ್ತಿದ್ದಿಲ್ಲ, ಆದರೂ ಆ ಹೊತ್ತು
ಎತ್ತಿಕೊಂಡೇ ಹೋಗಬೇಕು ಅನ್ನಿಸಿತು.
ಐವತ್ತೆಂಟು ಸಾವಿರ. ಹದಿನೆಂಟು ಕಂತು.
"ಒಳಗಿನ ಪವರ್ ಸಪ್ಲೈ ಯಾವ ಕಂಪನಿದು?" ಕೇಳಿದೆ.
ಹುಡುಗ, ಬೆಳಕಿನ ಬಣ್ಣ ಬದಲಿಸುವ ಬಟನ್ನು ತೋರಿಸಿದ.

ನನ್ನ ಹತ್ತಿರ ಇದ್ದದ್ದು ಮೂವತ್ತೊಂದು ಸಾವಿರದ ನಾನೂರು.
ಅಕ್ಕಲಕೋಟೆ ರಸ್ತೆಯ ಕಾರ್ಖಾನೆಯಲ್ಲಿ
ಟವೆಲ್ ಮಡಚಿ, ಡಜನ್ನಿಗೊಂದು ಚೀಟಿ ಅಂಟಿಸಿ,
ಹದಿನಾಲ್ಕು ತಿಂಗಳು.
ಮಡಚಿದರೂ ಬಿಚ್ಚಿದರೂ ಆ ಅಂಕಿ ಅಷ್ಟೇ ಅಗಲ.

ಅಪ್ಪ ಮಗ್ಗದ ಜಾಬರ್.
ಮೂವತ್ತೈದು ವರ್ಷದ ಖಟಖಟ ಅವನ ಕಿವಿ ತಿಂದು ಮುಗಿಸಿದೆ.
ಏನಿದ್ದರೂ ಬರೆದೇ ತೋರಿಸಬೇಕು.
ಟವೆಲ್ ಚೀಟಿಯ ಹಿಂದೆ ಬರೆದೆ:
ತಯಾರಾದದ್ದು ತರಲೋ, ನಾನೇ ಜೋಡಿಸಲೋ?
ಓದಿ, ಓಣಿಗೆಲ್ಲ ಕೇಳುವ ದನಿಯಲ್ಲಿ ಅಂದ:
"ಮಗ್ಗ ಯಾರೂ ಅಂಗಡ್ಯಾಗ ತಗೊಂಡಿಲ್ಲ, ಮಹಾನಂದಾ.
ಮುಚ್ಚಿದ ಗಿರಣ್ಯಾಗ ತಗೊಂಡಾರ.
ಮೋಟಾರ್ ಒಂದ್ ಹೊಸಾದ್ ಹಾಕು.
ಮೋಟಾರ್ ಹಲಕಾ ಇದ್ರ ಉಳದದ್ದೆಲ್ಲಾ ಸುಡ್ತದ."

ಹಾಗಾಗಿ ಪವರ್ ಸಪ್ಲೈ ಹೊಸದು. ಪ್ರೊಸೆಸರ್ರೂ,
ಬೇರೆ ಕಾರ್ಡು ಬೇಡದೆ ಚಿತ್ರವನ್ನು ತಾನೇ ಬಿಡಿಸಿಕೊಳ್ಳುವ ಜಾತಿಯದು.
ಬೋರ್ಡು ಪುಣೆಯ ಗಾಡಿಯಲ್ಲಿ ಬಂತು,
ಗೆಳತಿಯ ಅಣ್ಣನ ಊಟದ ಡಬ್ಬಿಯ ಮೇಲೆ ಕೂತು.
ಕ್ಯಾಬಿನೆಟ್ಟು, ಕೆಫೆ ಮುಚ್ಚಿದ ಸುತಾರ್ ಕೊಟ್ಟದ್ದು, ನಾನೂರಕ್ಕೆ.
ಅದರೊಳಗೆ ಎರಡು ಹಲ್ಲಿ ಮೊಟ್ಟೆ,
ಯಾರದೋ ಹತ್ತನೆಯ ಹಾಲ್ ಟಿಕೇಟು.

ಅವ್ವ ಕೇಳಿದಳು, "ಇಷ್ಟ್ ರೊಕ್ಕ, ಆಟಾ ಆಡ್ಲಾಕ?"
ಹೌದವ್ವಾ, ಆಟ.
ಓದಲಿಕ್ಕೆ ಅಂತ ಒಮ್ಮೆ ಹೇಳಿ ನೋಡಿದ್ದೆ,
ಆಗಲೂ ನೀನು ನಂಬಿರಲಿಲ್ಲ.

ಮಗ್ಗ ನಿಂತ ದಿನ.
ಚಾದರ ಹಾಸಿ, ಮೇಲೆ ರಟ್ಟು, ರಟ್ಟಿನ ಮೇಲೆ ಬೋರ್ಡು.
ಜೋಳದ ಕಾಳಿನಷ್ಟು ಪೇಸ್ಟು.
ಒಂದು ಸ್ಕ್ರೂ ಗ್ಯಾಸ್ ಕಟ್ಟೆಯ ಸಂದಿಗೆ ಹೋಯಿತು, ಇನ್ನೂ ಅಲ್ಲೇ ಇದೆ.
ಬಟನ್ನು ಒತ್ತಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು.
ಮೂರು ಸಲ ಕೀಚ್ ಅಂತು. ತಡೆದು, ಮತ್ತೆ ಮೂರು ಸಲ.
ಅಂಗಡಿಯದಾಗಿದ್ದರೆ ಬಯ್ಯಲು ಒಬ್ಬ ಹುಡುಗನಿರುತ್ತಿದ್ದ.
ಇಲ್ಲಿ ನಾನು, ಮತ್ತು ಆ ಕೀಚ್ ಕೇಳಿಸದ ಅಪ್ಪ.

ಬಂದು, ತಗಡಿನ ಮೇಲೆ ಅಂಗೈ ಊರಿ ನಿಂತ,
ಓಡುವ ಮಗ್ಗದ ಚೌಕಟ್ಟಿಗೆ ಊರುವ ಹಾಗೆ.
"ನಡೀಲತದ. ಒಳಗ ಏನೋ ಪೂರಾ ಕೂತಿಲ್ಲ.
ಕಡಕ್ ಅನ್ನೂತನಾ ಒತ್ತು."
ಆ ಕಡಕ್ ಅವನು ಕೇಳಿ ಎಷ್ಟು ವರ್ಷವಾಯಿತೋ,
ಹೆಬ್ಬೆರಳಿಗೆ ನೆನಪಿದೆ.
ರ್‍ಯಾಮಿನ ಎರಡನೇ ಪಟ್ಟಿ. ಒತ್ತಿದೆ.
ಕಡಕ್.

ಎಲ್ಲ ಸೇರಿ ಮೂವತ್ತೊಂದು ಸಾವಿರದ ಎಂಟುನೂರಾಯಿತು.
ಮೇಲಿನ ನಾನೂರು ಅವ್ವನದು, ಡಬ್ಬಿ ಅವಳದು ಅಂತ ಲೆಕ್ಕ.
"ಬೇಕಾದಾಗ ಬಿಚ್ಕೊಂಡ್ ಒಯ್ತೀನಿ" ಅನ್ನುತ್ತಾಳೆ.
ಉದ್ದದ ಸ್ಲಾಟು ಖಾಲಿ ಇದೆ, ಎಂದಾದರೂ ಒಂದು ಕಾರ್ಡಿಗೆ.
ಹಿಂದಿನ ಕಿಂಡಿಗೆ ಅಪ್ಪ ಟವೆಲಿನ ಅಂಚು ಮಡಚಿ ತುರುಕಿದ್ದಾನೆ,
ಹಲ್ಲಿ ಬಾರದಂತೆ.
ಗಾಳಿ ಬೇಕು ಅಪ್ಪಾ ಅಂದೆ. ಕೇಳಿಸಲಿಲ್ಲ.
ಬರೆದು ತೋರಿಸಿದೆ. ಆಗಲೂ ಕೇಳಲಿಲ್ಲ.

ರಾತ್ರಿ ಕಾರು ಓಡಿಸಿದೆ, ಎಲ್ಲ ಸೆಟ್ಟಿಂಗು ಕೆಳಕ್ಕಿಳಿಸಿ:
ಮರಗಳಿಗೆ ನೆರಳಿಲ್ಲ, ಕನ್ನಡಿಯಲ್ಲಿ ಹಿಂದಿನ ರಸ್ತೆಯಿಲ್ಲ,
ಮಳೆ ಬರುತ್ತದೆ, ಡಾಂಬರು ತೊಯ್ಯುವುದಿಲ್ಲ.
ಮೂರನೇ ತಿರುವಿನಲ್ಲಿ ಪರದೆ ಒಮ್ಮೆ ತಡವರಿಸಿತು,
ನಾನು ಗೋಡೆಗೆ ಬಡಿಯುವ ಮೊದಲೇ
ಹಿಂದೆ ಚಹಾ ಹಿಡಿದು ನಿಂತಿದ್ದ ಅಪ್ಪ ಕೂಗಿದ:
"ನಿಲ್ಲಸು, ನಿಲ್ಲಸು! ಎಳಿ ಹರದದ!"